ಬ್ಯಾಟಿನ ಒಡೆಯರು ಮತ್ತು ಇತರ ಮಹಾನ್ ಓಪನರುಗಳು

ಟೆಸ್ಟ್ ಪಂದ್ಯದ ಮೊದಲ ಬೆಳಗ್ಗೆ ಕ್ರೀಸಿಗೆ ಬರುವ ಆರಂಭಿಕ ಬ್ಯಾಟುಗಾರ, ಇನ್ನೂ ಒಂದು ಚೆಂಡನ್ನೂ ಎದುರಿಸಿರದ ಮನುಷ್ಯ, ಬ್ಯಾಟಿನ ತುದಿಯಿಂದ ಪಿಚ್ಚನ್ನು ಅಲ್ಲಿ ಇಲ್ಲಿ ಕುಟ್ಟಿ ನೋಡುತ್ತಾನಲ್ಲ, ಅದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ನಮ್ಮ ಕಡೆ ಹಲಸಿನಕಾಯಿ ಬೆಳೆದಿದೆಯೇ ಎಂದು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವವರ ಮುಖದಲ್ಲಿ ಮಾತ್ರ ನಾನು ಅಂಥ ಗಾಂಭೀರ್ಯವನ್ನು ಕಂಡಿದ್ದೇನೆ. ಹಿಂದಿನ ದಿನವಿಡೀ ರೋಲರ್ ಉರುಳಿಸಿ, ತಜ್ಞರು ಮಂಡಿಯೂರಿ ಮೂಸಿ ನೋಡಿ, ಹವಾಮಾನ ವರದಿಯೊಡನೆ ಟೀವಿಯಲ್ಲಿ ಪ್ರದರ್ಶಿಸಿದ ಪಿಚ್ಚಿಗೆ ಈತನ ನಾಲ್ಕು ಕುಟ್ಟಿನಿಂದ ಏನಾಗಬೇಕು? ಪಿಚ್ಚಿಗೆ ಏನೂ ಆಗುವುದಿಲ್ಲ. ಕುಟ್ಟುವವನ ಎದೆಯೊಳಗೆ ಏನೋ ಸ್ವಲ್ಪ ಸಮತಟ್ಟಾಗುತ್ತದೆ ಎಂಬುದು ನನ್ನ ಗುಮಾನಿ. ಕಾನ್ವೆಂಟಿನಲ್ಲಿ ಗಣಿತದ ಪ್ರಶ್ನೆಪತ್ರಿಕೆ ಮೇಜಿಗೆ ಬಂದು ಬಿದ್ದ ಮೇಲೂ ಅದನ್ನು ಓದದೆ, ಪೆನ್ನಿನ ಕ್ಯಾಪ್ ತೆಗೆದು, ಹಾಕಿ, ಮತ್ತೆ ತೆಗೆದು ಕಾಲ ಕಳೆಯುತ್ತಿದ್ದ ನನಗೆ ಈ ವಿದ್ಯೆ ಅಪರಿಚಿತವಲ್ಲ.

ಕ್ರಿಕೆಟ್ಟಿನ ಬಗ್ಗೆ ನನಗಿರುವ ಜ್ಞಾನವೆಲ್ಲ ಸಹವಾಸದೋಷದಿಂದ ಬಂದದ್ದು. ನಮ್ಮ ಮನೆಯವರು, ಚಿನ್ನಪ್ಪ ಗೌಡರು, ಯೌವನದಲ್ಲಿ ತಮ್ಮೂರು ಬೆಳ್ಳಾರೆಯ ತಂಡದ ಓಪನರ್. ಅವರ ಜೊತೆ ಆಟ ಆರಂಭಿಸುತ್ತಿದ್ದವರು ಪೇಟೆಯ ಜಿನಸಿನ ಅಂಗಡಿಯ ಮಗ ಅಬ್ಬಾಸ್. ಇವರು ಸುಳ್ಯದಲ್ಲಿ ಸರಕಾರಿ ನೌಕರಿಗೆ ಸೇರಿದರು, ಅಬ್ಬಾಸರು ಗಲ್ಫಿಗೆ ಹೋದರು. ಇವರಿಗೆ ಪೆನ್ಷನ್ ಬಂತು, ಅವರು ಮರಳಿ ಬಂದರು. ಕೊನೆಗೆ ಇಬ್ಬರೂ ಪುತ್ತೂರಿನಲ್ಲಿ ಒಂದು ಕೂಗಿನ ದೂರದಲ್ಲಿ ಮನೆ ಮಾಡಿದರು. ಅಲ್ಲಿಂದೀಚೆಗೆ ಎಲ್ಲಿಯಾದರೂ ಯಾರಾದರೂ ಕ್ರಿಕೆಟ್ ಆಡುತ್ತಿದ್ದರೆ ಅದನ್ನು ನಮ್ಮ ಸೋಫಾದ ಎರಡು ತುದಿಗಳಿಂದ ನಿಯಂತ್ರಿಸುವ ಹೊಣೆ ಇವರಿಬ್ಬರದು. ಚಹಾದ ಇಲಾಖೆ ನನ್ನದು. ಅಂದ ಹಾಗೆ, ನಮ್ಮ ಮನೆಮಾತು ಅರೆಭಾಷೆ, ಅಬ್ಬಾಸರದು ಬ್ಯಾರಿ, ಇಬ್ಬರೂ ಸೇರಿದರೆ ತುಳು, ಅಂಪೈರನನ್ನು ಬೈಯುವಾಗ ಇಂಗ್ಲಿಷ್. ನಿಮಗೆ ತೊಂದರೆಯಾಗದಿರಲೆಂದು ಇಲ್ಲಿ ಎಲ್ಲರಿಂದಲೂ ಕನ್ನಡ ಆಡಿಸುತ್ತಿದ್ದೇನೆ.

ಇವರಿಬ್ಬರ ನಿತ್ಯದ ವ್ಯಾಸಂಗವೆಂದರೆ ಬೇರೆಬೇರೆ ಕಾಲದ ಓಪನರುಗಳ ತುಲನಾತ್ಮಕ ಅಧ್ಯಯನ. ಆಟಗಾರರ ಹೆಸರನ್ನು ನಾನು ಬರೆಯುವುದಿಲ್ಲ. ಅವರವರ ಭಕ್ತರು ನಮ್ಮ ಗೇಟಿನ ಮುಂದೆ ಧರಣಿ ಕೂರುವುದು ನನಗೆ ಬೇಡ. ನಮ್ಮ ಮನೆಯವರ ದೇವರು ಹೆಲ್ಮೆಟ್ಟಿಲ್ಲದ ಕಾಲದ ಒಬ್ಬ ಗಿಡ್ಡ ಮನುಷ್ಯ. ಆತ ಚೆಂಡುಗಳನ್ನು ಒಂದೊಂದಾಗಿ ಬಿಟ್ಟುಬಿಡುವ ವೈರಾಗ್ಯವನ್ನು ನೋಡಿದರೆ ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಕೂಡ ತನ್ನದು ಸಾಲದೆಂದು ಲಜ್ಜಿತರಾಗುತ್ತಿದ್ದರು. ಅಬ್ಬಾಸರ ಆರಾಧ್ಯದೈವ ಒಬ್ಬ ಪರದೇಶಿ ಎಡಗೈಯವ. ಮರಳುಗಾಡಿನ ಸ್ಟೇಡಿಯಮ್ಮಿನಲ್ಲಿ ಶುಕ್ರವಾರದ ರಜೆಗಳಲ್ಲಿ ಆತನನ್ನು ಸಾಕ್ಷಾತ್ ನೋಡಿದ್ದೇನೆಂಬ ಗತ್ತು ಬೇರೆ.

"ನಿನ್ನವನ ಕಾಲದಲ್ಲಿ ಪಿಚ್ಚಿಗೆ ಹೊದಿಕೆಯೇ ಇಲ್ಲ, ಒಪ್ಪುತ್ತೇನೆ. ಆದರೆ ನಿನ್ನವನೂ ಒಂದು ಹೊದಿಕೆಯ ಹಾಗೆಯೇ ಪಿಚ್ಚಿನ ಮೇಲೆ ಮಲಗಿದ್ದದ್ದಲ್ಲವಾ ಮಾರಾಯ?" ಎಂದು ಅಬ್ಬಾಸರು ಕೆಣಕುವರು.

"ನಿನ್ನವನಿಗೆ ಬೌಲ್ ಮಾಡಿದ್ದು ಯಾರು? ಎಣ್ಣೆ ಕಂಪೆನಿಯ ಗುಮಾಸ್ತರಾ?" ಎಂದು ಇವರು ತಿರುಗಿಸುವರು.

ನಾನು ಒಳಗಿನಿಂದಲೇ ಬಾಯಿ ಹಾಕುತ್ತಿದ್ದೆ. ಭಿನ್ನ ಯುಗಗಳ ಓಪನರುಗಳನ್ನು ಹೋಲಿಸುವುದು ನನ್ನ ಕಾಲದ ಸಿಸ್ಟರನ್ನೂ ಈಗಿನ ಶಾಲೆಯ ಮ್ಯಾಮನ್ನೂ ಹೋಲಿಸಿದ ಹಾಗೆ. ನಮ್ಮ ಸಿಸ್ಟರಿಗೆ ಎದುರಿದ್ದದ್ದು ಎಣ್ಣೆ ಹಚ್ಚಿ ಜಡೆ ಹೆಣೆದ, ಉಸಿರಾಡಲೂ ಪರ್ಮಿಷನ್ ಕೇಳುವ ಹುಡುಗಿಯರ ಸಾಲು. ಈಗಿನ ಮ್ಯಾಮಿಗೆ ಎದುರಿರುವುದು ವಾಟ್ಸಾಪ್ ಗುಂಪಿನಲ್ಲಿ ಸಂಘಟಿತರಾದ ತಾಯಂದಿರ ವೇಗದ ದಾಳಿ. ಹೆಲ್ಮೆಟ್ ಯಾರಿಗೆ ಹೆಚ್ಚು ಅಗತ್ಯ, ನೀವೇ ಹೇಳಿ. ಪವರ್ ಸ್ಟೀರಿಂಗ್ ಇಲ್ಲದ ಕಾಲದಲ್ಲಿ ಕಡಬದ ತಿರುವುಗಳಲ್ಲಿ ಇಡೀ ದೇಹದಿಂದ ಬಸ್ಸನ್ನು ತಿರುಗಿಸುತ್ತಿದ್ದ ಡ್ರೈವರು ದೊಡ್ಡವನೋ, ಈಗ ಅದೇ ತಿರುವಿನಲ್ಲಿ ಎದುರಿನಿಂದ ರೀಲ್ಸ್ ಮಾಡುತ್ತ ಬರುವ ಬೈಕುಗಳನ್ನು ತಪ್ಪಿಸುವವನು ದೊಡ್ಡವನೋ? ಇಂಥ ನನ್ನ ಪ್ರೌಢ ಉಪಮೆಗಳಿಗೆ ಸೋಫಾದಿಂದ ಬರುತ್ತಿದ್ದ ಉತ್ತರ ಒಂದೇ: "ಟೀಚರೆ, ಚಾ ಆಯ್ತಾ?" ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ತಪ್ಪಿಗೆ ಅಬ್ಬಾಸರಿಗೆ ನಾನು ಇಂದಿಗೂ ಟೀಚರು.

ಹೀಗೆ ನಿರಪಾಯವಾಗಿ ಸಾಗುತ್ತಿದ್ದ ಈ ಶಾಸ್ತ್ರಾರ್ಥ ಮೊನ್ನೆ ಚಳಿಗಾಲದ ಆರಂಭದಲ್ಲಿ ಅಪಾಯಕ್ಕೆ ತಿರುಗಿತು. ಟೀವಿಯಲ್ಲಿ ಈಗಿನ ಹುಡುಗನೊಬ್ಬ ಮೊದಲನೆಯ ಚೆಂಡನ್ನೇ ಗ್ಯಾಲರಿಗೆ ಎತ್ತಿ ಹಾಕಿದ. ನಮ್ಮ ಮನೆಯವರಿಗೆ ಸ್ವಂತ ಮನೆಯ ಕಿಟಕಿಯ ಗಾಜು ಒಡೆದಷ್ಟು ಸಂಕಟವಾಯಿತು. "ಇವನನ್ನು ಓಪನರ್ ಅಂತ ಹೇಳುದಾ? ಓಪನರ್ ಅಂದರೆ ಮೊದಲು ನಿಲ್ಲಬೇಕು. ನಾನು ನಿಲ್ಲುತ್ತಿದ್ದೆ," ಎಂದರು. ಅಲ್ಲಿಗೆ ಬಿಡಬಹುದಿತ್ತು. "ನಾನು ನಿಂತದ್ದರಿಂದ ಅಲ್ಲವಾ ನೀನು ಹೊಡೆದದ್ದು?" ಎಂದೂ ಸೇರಿಸಿದರು.

ಅಬ್ಬಾಸರು ಆಗ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಲೇ, ಯಾರೂ ಆಡಬಾರದ ಒಂದು ಮಾತನ್ನು ಆಡಿಬಿಟ್ಟರು. "ನೀನು ಓಪನರ್ ಆದದ್ದು ಬ್ಯಾಟ್ ನಿನ್ನದು ಅಂತ. ಅದು ಬೆಳ್ಳಾರೆಗೆಲ್ಲ ಗೊತ್ತುಂಟು."

ಊರಿನ ಪದ್ಧತಿ ಗೊತ್ತಿಲ್ಲದವರಿಗೆ ಈ ಮಾತಿನ ಕ್ರೌರ್ಯ ತಿಳಿಯಲಾರದು. ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ತಂಡಕ್ಕೊಂದು ಬ್ಯಾಟ್ ಇದ್ದರೆ ಅದೇ ಐಶ್ವರ್ಯ. ಕೊಯ್ಲಾದ ಗದ್ದೆಯಲ್ಲಿ ಆಟ. ಬ್ಯಾಟ್ ಯಾರದೋ ಅವನು ಮೊದಲು ಆಡತಕ್ಕದ್ದು. ಇದು ಎಲ್ಲಿಯೂ ಬರೆದಿರದಿದ್ದರೂ ಯಾರೂ ಮೀರದ ಕಾನೂನು. ಮೀರಿದರೆ ಅವನು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆಯುತ್ತಿದ್ದ, ಅಲ್ಲಿಗೆ ಪಂದ್ಯ ಡ್ರಾ. ಚೆಂಡು ತಂದವನು ಅವನ ಜೊತೆಗಾರ. ಔಟಾದರೂ ಮೊದಲ ಚೆಂಡು ಟ್ರಯಲ್ ಎಂಬ ರಿಯಾಯಿತಿ ಇಬ್ಬರಿಗೂ ಇತ್ತು. ಹೀಗೆ ಸುಳ್ಯ, ಪುತ್ತೂರು, ಕಡಬ ಈ ಮೂರು ತಾಲೂಕುಗಳ ಓಪನರುಗಳ ವಂಶಾವಳಿಯನ್ನು ಬಿಡಿಸಿದರೆ ಅದು ಪ್ರತಿಭೆಯ ಚರಿತ್ರೆಗಿಂತ ಹೆಚ್ಚಾಗಿ ಮರದ ಮತ್ತು ರಬ್ಬರಿನ ಒಡೆತನದ ಚರಿತ್ರೆ. ಸಂಸ್ಥಾನಗಳನ್ನು ಆಳಿದವರ ಕತೆಯೂ ಇದಕ್ಕಿಂತ ತುಂಬ ಭಿನ್ನವೇನಲ್ಲ ಎಂದು ನಮ್ಮ ಹಿಸ್ಟರಿ ಸಿಸ್ಟರ್ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಚಿನ್ನಪ್ಪನವರ ಬ್ಯಾಟ್ ಅವರ ಸೋದರಮಾವ ಮೈಸೂರಿನಿಂದ ತಂದುಕೊಟ್ಟದ್ದು. ಮದುವೆಯಾದ ಹೊಸದರಲ್ಲಿ ನಾನು ಆ ಬ್ಯಾಟನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಂಡು, ಉಪಯೋಗಕ್ಕೆ ಬರುವ ವಸ್ತುವೆಂದು ತಿಳಿದು ಒಂದು ಕಂಬಳಿಗೆ ನಾಲ್ಕು ಏಟು ಬಿಗಿದಾಗ ಅವರ ಮುಖ ಹೇಗಾಗಿತ್ತೆಂದರೆ, ಅಂದೇ ನನಗೆ ನಮ್ಮ ದಾಂಪತ್ಯದ ಭೂಪಟ ಅರ್ಥವಾಯಿತು. ಬ್ಯಾಟ್ ಇದ್ದದ್ದಕ್ಕೆ ತಾನು ಓಪನರ್ ಎಂಬುದು ಅವರಿಗೆ ಎಂದೂ ಹೊಳೆದಿರಲಿಲ್ಲ. ತಾನು ಓಪನರ್ ಆಗಿದ್ದರಿಂದ ಬ್ಯಾಟ್ ತನ್ನ ಬಳಿ ಬಂತು ಎಂದೇ ಅವರು ನಂಬಿದ್ದರು.

"ಹಾಗಾದರೆ ನೀನು ಬಾಲಿನವ," ಎಂದರು ಇವರು, ಸಣ್ಣ ದನಿಯಲ್ಲಿ.

"ಹೌದು, ಬಾಲಿನವ. ನಾನು ಇಲ್ಲ ಅಂತ ಹೇಳಿದೆನಾ?" ಎಂದು ಅಬ್ಬಾಸರು ಎದ್ದು, ಚಪ್ಪಲಿ ಮೆಟ್ಟಿ, ನಡೆದೇಬಿಟ್ಟರು. ಅವರ ಬಿಸ್ಕತ್ತು ಲೋಟದ ತಳದಲ್ಲಿ ಮುಳುಗಿತ್ತು.

ಅಂದಿನಿಂದ ಮಾತಿಲ್ಲ. ಒಬ್ಬರು ಪೇಟೆಗೆ ಹೊರಟರೆ ಇನ್ನೊಬ್ಬರು ಗೇಟಿನೊಳಗೆ ನಿಂತು ರಸ್ತೆ ಖಾಲಿಯಾಗುವುದನ್ನು ಕಾಯುವುದು. ನಮ್ಮ ಮನೆಯವರು ಟೀವಿ ಹಾಕಿ, ಶಬ್ದ ತೆಗೆದು, ಸೋಫಾದ ತಮ್ಮ ತುದಿಯಲ್ಲೇ ಕೂರುತ್ತಿದ್ದರು; ನಡುವಿನ ಜಾಗಕ್ಕೆ ಸರಿಯುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆಗೆ ಬಂದು, ನಾನು ಉಪ್ಪಿನಕಾಯಿಗೆ ಮಾವಿನಮಿಡಿ ಆರಿಸುತ್ತಿದ್ದಾಗ, "ಹೌದಾ? ನನಗೆ ಆಡ್ಲಿಕ್ಕೆ ಬರ್ತಿತ್ತಾ ಇಲ್ಲವಾ?" ಎಂದು ಕೇಳಿದರು. ಎಪ್ಪತ್ತು ದಾಟಿದ, ರಕ್ತದೊತ್ತಡದ ಮಾತ್ರೆ ನುಂಗುವ ಮನುಷ್ಯ ಹೈಸ್ಕೂಲ್ ಹುಡುಗನ ಕಣ್ಣಿನಿಂದ ಕೇಳಿದ ಆ ಪ್ರಶ್ನೆಗೆ ನಾನು, ಕಾನ್ವೆಂಟಿನಲ್ಲಿ ಕಲಿತ ಸತ್ಯವ್ರತವನ್ನೂ ದಾಂಪತ್ಯದಲ್ಲಿ ಕಲಿತ ಅಹಿಂಸೆಯನ್ನೂ ತೂಗಿ, "ಡಿಫೆನ್ಸ್ ಚೆನ್ನಾಗಿತ್ತು," ಎಂದೆ. ನನಗೆ ಅವರ ಆಟವೇ ಗೊತ್ತಿರಲಿಲ್ಲವೆಂಬುದು ಅವರಿಗೂ ಗೊತ್ತಿತ್ತು. ಹೆಂಡತಿಯ ಸರ್ಟಿಫಿಕೇಟನ್ನು ಯಾವ ಆಯ್ಕೆ ಸಮಿತಿಯೂ ಪರಿಗಣಿಸುವುದಿಲ್ಲ. ಆ ಉತ್ತರ ಹೇಳಬಲ್ಲ ಮನುಷ್ಯ ಲೋಕದಲ್ಲಿ ಒಬ್ಬನೇ. ಇಪ್ಪತ್ತೆರಡು ಗಜ ಆಚೆ ನಿಂತು ನೋಡಿದವನು. ಅವನೊಡನೆ ಮಾತಿಲ್ಲ.

ನನ್ನ ಸಂಕಟವೂ ಅಲ್ಪವಲ್ಲ. ಅಬ್ಬಾಸರಿಲ್ಲದ್ದರಿಂದ ಟೀವಿಯ ಮುಂದೆ ವಿರೋಧಪಕ್ಷದ ಸ್ಥಾನ ನನಗೆ ಪ್ರಾಪ್ತವಾಯಿತು. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಮೊಣಕಾಲೂರಿ ಲ್ಯಾಟಿನ್ ಪ್ರಾರ್ಥನೆ ಕೇಳುವಾಗಲೂ ನಾನು ಇಷ್ಟು ಆಕಳಿಸಿರಲಿಲ್ಲ. ಆಮೆನ್ ಎಲ್ಲಿ ಹೇಳಬೇಕೆಂದು ಅಲ್ಲಿಯಾದರೂ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ಅಬ್ಬಾಸರ ಹೆಂಡತಿ ಬೀಪಾತುಮ್ಮನ ಫೋನ್ ಬಂತು. "ಟೀಚರೆ, ನಿಮ್ಮವರನ್ನು ಸಮಾಧಾನ ಮಾಡಿ ಮಾರಾಯ್ರೆ. ಇವರು ಮನೆಯಲ್ಲಿ ಕೂತು ನನ್ನ ಅಡುಗೆಗೆ ಕಾಮೆಂಟರಿ ಹೇಳ್ಲಿಕ್ಕೆ ಸುರು ಮಾಡಿದ್ದಾರೆ. ಮೀನು ಮಗುಚುವಾಗ 'ಟೈಮಿಂಗ್ ಸಾಲದು' ಅಂತ ಹೇಳುದು."

"ನಿಮ್ಮವರು ಬಂದು ಒಂದು ಮಾತು ಆಡಿದರೆ ಮುಗಿಯಿತಲ್ಲ ಬೀಪಾತುಮ್ಮ?"

"ಬರ್ಲಿಕ್ಕೆ ಮನಸ್ಸು ಉಂಟು. ದಿನಾ ಗೇಟಿನವರೆಗೆ ಹೋಗುದು, ಬರುದು. 'ಅವ ಮೊದಲು ಕರೀಲಿ' ಅಂತ."

ಅಷ್ಟರಲ್ಲಿ ಬೆಳ್ಳಾರೆಯಿಂದ ಹರ್ಷಿತ್ ಬಂದ. ಅಲ್ಲಿನ ಯುವಕರ ತಂಡದ ಕ್ಯಾಪ್ಟನ್, ನನ್ನ ಹಳೆಯ ವಿದ್ಯಾರ್ಥಿನಿಯ ಮಗ, ತಾಯಿಯ ಹಾಗೆಯೇ ಒಂದೇ ಉಸಿರಿನಲ್ಲಿ ಮಾತಾಡುವವನು. ಅಂಡರ್‌ಆರ್ಮ್ ಟೂರ್ನಮೆಂಟ್ ಇಟ್ಟಿದ್ದೇವೆ, ಫೈನಲಿಗೆ ಮೊದಲು ಹಳೆಯ ಓಪನಿಂಗ್ ಜೋಡಿ ಒಂದು ಓವರ್ ಆಡಬೇಕು, ಆಮೇಲೆ ಶಾಲು, ಎಂದ. ಕೈಯನ್ನು ಭುಜದ ಮೇಲೆ ಎತ್ತದೆ ಸೊಂಟದ ಕೆಳಗಿನಿಂದಲೇ ಚೆಂಡೆಸೆಯುವ ಈ ಆಟ ನಮ್ಮ ಕಡೆಯ ಹುಡುಗರಿಗೆ ಪ್ರಾಣ. ಚಿನ್ನಪ್ಪನವರಿಗೆ ಅದು ಕ್ರಿಕೆಟ್ಟಿನ ಅವಹೇಳನ. ಆದರೂ 'ಓಪನಿಂಗ್' ಎಂಬ ಶಬ್ದ ಕಿವಿಗೆ ಬಿದ್ದದ್ದೇ ಬೆನ್ನು ನೆಟ್ಟಗಾಯಿತು. "ಅಬ್ಬಾಸನೂ ಬರ್ತಾನಾ?" ಎಂದು ಕೇಳಿದರು. ಹರ್ಷಿತ್ ಬಾಯಿ ತೆರೆಯುವ ಮೊದಲೇ ನಾನು, "ಅವರಿಗೆ ಮೊಣಕಾಲಿನ ಆಪರೇಷನ್ ಆಗಿದೆಯಲ್ಲ, ಹೇಗೆ ಬರ್ತಾರೆ?" ಎಂದೆ. ಕೇವಲ ಪ್ರಶ್ನೆ ಕೇಳಿದ್ದು, ಸುಳ್ಳು ಹೇಳಿಲ್ಲ. ಈ ಸೂಕ್ಷ್ಮವನ್ನು ನಮಗೆ ಕಲಿಸಿದವರು ಸಿಸ್ಟರುಗಳೇ. ಅದೇ ಹೊತ್ತಿನಲ್ಲಿ ಒಂದು ಕೂಗಿನ ದೂರದಲ್ಲಿ ಬೀಪಾತುಮ್ಮನೂ ಇಂಥದೇ ಒಂದು ಪ್ರಶ್ನೆಯನ್ನು ತನ್ನ ಗಂಡನಿಗೆ ಕೇಳಿದ್ದರಂತೆ. ಅವರು ಕಾನ್ವೆಂಟಿಗೆ ಹೋದವರಲ್ಲ; ಪ್ರತಿಭೆ ಜನ್ಮಜಾತವೂ ಆಗಿರಬಹುದು.

ಭಾನುವಾರ ಬೆಳ್ಳಾರೆಯ ಮೈದಾನ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಕಲ್ಲಂಗಡಿ ಜ್ಯೂಸು, ಮೈಕಿನಲ್ಲಿ ಹರ್ಷಿತ್. ನಾವು ಒಂದು ಕಡೆಯಿಂದ ಬಂದೆವು, ಅವರು ಇನ್ನೊಂದು ಕಡೆಯಿಂದ. ಇಬ್ಬರು ಹಿರಿಯರೂ ಪರಸ್ಪರ ನೋಡಿದರು. ಆಮೇಲೆ ತಮ್ಮ ತಮ್ಮ ಹೆಂಡತಿಯರನ್ನು ನೋಡಿದರು. ನಾನೂ ಬೀಪಾತುಮ್ಮನೂ ಶಾಮಿಯಾನದ ಬಟ್ಟೆಯ ಬಣ್ಣವನ್ನು ಬಹಳ ಹೊತ್ತು ಮೆಚ್ಚಿಕೊಂಡೆವು.

ಹರ್ಷಿತನಿಗೆ ಇದ್ಯಾವುದೂ ತಿಳಿಯದು. "ನಮ್ಮ ಊರಿನ ಲೆಜೆಂಡುಗಳು! ಅಂದಿನ ಓಪನರ್ ದೊಡ್ಡವರೋ ಇಂದಿನ ಓಪನರ್ ದೊಡ್ಡವರೋ, ಈಗ ನೋಡುವ!" ಎಂದು ಮೈಕಿನಲ್ಲಿ ಕೂಗಿ, ಸ್ಟಿಕ್ಕರು ಮೆತ್ತಿದ ಕ್ಲಬ್ಬಿನ ಬ್ಯಾಟೊಂದನ್ನು ಇಬ್ಬರ ನಡುವೆ ಹಿಡಿದ. ಬ್ಯಾಟ್ ಇಬ್ಬರದೂ ಅಲ್ಲ; ಚೆಂಡೂ ಇಬ್ಬರದೂ ಅಲ್ಲ. ಹೀಗಾಗಿ ಮೊದಲು ಆಡಲು ಹಕ್ಕೆಂಬುದು ಯಾರಿಗೂ ಇರಲಿಲ್ಲ. ಯಾರೂ ಕೈ ನೀಡಲಿಲ್ಲ. ಕೊನೆಗೆ ಅಬ್ಬಾಸರು ಹರ್ಷಿತನತ್ತ ತಿರುಗಿ, ಅವನಿಗೇ ಹೇಳುವಂತೆ, "ನನ್ನ ಮೊಣಕಾಲು ಸ್ಟೀಲಿನದು. ನಾನು ಅಂಪೈರ್ ನಿಲ್ಲುತ್ತೇನೆ," ಎಂದರು. ಊರಿನ ಆಟದಲ್ಲಿ ಬ್ಯಾಟ್ ಮಾಡುವ ತಂಡವೇ ತನ್ನವನೊಬ್ಬನನ್ನು ಅಂಪೈರ್ ಆಗಿ ನಿಲ್ಲಿಸುವುದು ರೂಢಿಯಾದ್ದರಿಂದ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಚಿನ್ನಪ್ಪನವರು ಕ್ರೀಸಿಗೆ ನಡೆದರು. ಬ್ಯಾಟಿನ ತುದಿಯಿಂದ ಪಿಚ್ಚನ್ನು ಅಲ್ಲಿ ಇಲ್ಲಿ ಕುಟ್ಟಿ ನೋಡಿದರು. ಬೌಲರ್ ಕಡಬದ ಹುಡುಗ. ಅವನು ಮರ್ಯಾದೆಯಿಂದ, ಮಗುವಿಗೆ ತುತ್ತು ಕೊಡುವಂತೆ ಚೆಂಡನ್ನು ಉರುಳಿಸಿದ. ಇವರು ಅದನ್ನು ಬ್ಯಾಟಿನಿಂದ ತಡೆದು, ಕೈಯಿಂದ ಎತ್ತಿ ಅವನಿಗೇ ಎಸೆದರು. "ಎಂತ ಮಾರಾಯ ಇದು? ಆಡುವವರಿಗೆ ಹಾಕಿದ ಹಾಗೆ ಹಾಕು."

ಹುಡುಗ ಹಾಗೆಯೇ ಹಾಕಿದ. ನೆಲದಿಂದ ಗೇಣೆತ್ತರದಲ್ಲಿ ಸುಯ್ಯೆಂದು ಬಂದ ಚೆಂಡು ಬ್ಯಾಟಿನ ಕೆಳಗಿನಿಂದ ನುಸುಳಿ, ನಡುವಿನ ಸ್ಟಂಪನ್ನು ಹಾರಿಸಿಕೊಂಡು ಹೋಯಿತು. ಶಾಮಿಯಾನದಲ್ಲಿ ಯಾರೂ ನಗಲಿಲ್ಲ, ನಕ್ಕಿದ್ದರೆ ಒಳಿತಿತ್ತು. ಬ್ಯಾಟ್ ಇದ್ದದ್ದಕ್ಕೆ ಆಡಿದವನು ಎಂಬ ಮಾತಿಗೆ ಸಾಕ್ಷಿ ಸಹಿತ ತೀರ್ಪು ಬಂದಂತಾಗಿತ್ತು. ಇವರು ತಲೆ ತಗ್ಗಿಸಿ ಹೊರಡಲು ಹೆಜ್ಜೆ ಎತ್ತಿದರು. ನಾನು ಅವರ ಕೈ ಹಿಡಿಯಲು ಎದ್ದೇಬಿಟ್ಟಿದ್ದೆ.

"ನೋ ಬಾಲ್!"

ಅಬ್ಬಾಸರ ಬಲಗೈ ಅಡ್ಡಲಾಗಿ ಚಾಚಿತ್ತು. ಹುಡುಗ ಬೆಪ್ಪಾಗಿ ನಿಂತ. ಹರ್ಷಿತ್ ಮೈಕನ್ನು ಹಿಡಿದುಕೊಂಡೇ ಓಡಿ ಬಂದದ್ದರಿಂದ ಅಲ್ಲಿನ ಮಾತೆಲ್ಲ ಊರಿಗೇ ಕೇಳುವಂತಾಯಿತು. "ಎಂತಕ್ಕೆ ನೋ ಬಾಲ್ ಅಬ್ಬಾಸಾಕ? ಕಾಲು ಲೈನಿನ ಒಳಗೇ ಇತ್ತು!"

"ನಾನು ರೆಡಿ ಇರಲಿಲ್ಲ," ಎಂದರು ಅಬ್ಬಾಸರು.

"ಅಂಪೈರ್ ರೆಡಿ ಇರುದಾ?"

ಚಿನ್ನಪ್ಪನವರು ನಿಂತರು. ತಿರುಗಿದರು. ಅಷ್ಟು ದಿನಗಳ ಮೇಲೆ ಮೊದಲ ಬಾರಿಗೆ ನೇರವಾಗಿ ನೋಡಿ, "ನೀನು ಯಾವತ್ತು ರೆಡಿ ಇದ್ದದ್ದು ಮಾರಾಯ? ರನ್ನಿಗೆ ಕರೆದಾಗ ರೆಡಿ ಇದ್ಯಾ? ನಾನು ಔಟು. ಕ್ಲೀನ್ ಬೋಲ್ಡ್. ನನಗೆ ನಿನ್ನ ದಯೆ ಬೇಡ. ಬ್ಯಾಟಿನವ ನಾನು, ಅಷ್ಟೇ," ಎಂದರು.

"ಬ್ಯಾಟಿನವ ಹೌದು," ಎಂದರು ಅಬ್ಬಾಸರು. ಕುಂಟುತ್ತ ಪಿಚ್ಚಿನ ಉದ್ದಕ್ಕೂ ನಡೆದುಬಂದರು. "ಅವತ್ತು ನನ್ನ ಮಾತು ಮುಗಿಯುವ ಮೊದಲೇ ನೀನು ನನ್ನನ್ನು ಬಾಲಿನವ ಅಂದೆ, ನಾನು ಎದ್ದು ಹೋದೆ. ನಮ್ಮೆದುರು ಆಡ್ತಿದ್ದ ಸವಣೂರಿನ ಕ್ಯಾಪ್ಟನ್ ನೆನಪುಂಟಾ? ಅವನ ಹತ್ತಿರ ಎರಡು ಬ್ಯಾಟಿತ್ತು. ಎರಡು! ಅವ ಎಷ್ಟನೆಯವನಾಗಿ ಬರ್ತಿದ್ದ ಹೇಳು?"

ಇವರು ಯೋಚಿಸಿದರು. "ಆರನೆಯವ."

"ಯಾಕೆ?"

"ಹೊಸ ಬಾಲಿಗೆ ಹೆದರಿ."

"ನಿನಗೂ ಕಾಲು ನಡುಗುತ್ತಿತ್ತು. ನಾನು ಆ ಕಡೆಯಿಂದ ನೋಡ್ತಿದ್ದೆ. ಪ್ರತೀ ಸಲ ನಡುಗುತ್ತಿತ್ತು. ಆದರೆ ನಾಳೆ ಆರನೆಯವನಾಗಿ ಬರ್ತೇನೆ ಅಂತ ನೀನು ಒಂದು ದಿನ ಹೇಳಿದ್ದುಂಟಾ? ಬ್ಯಾಟ್ ನಿನ್ನದೇ ಇತ್ತಲ್ಲ, ಹೇಳಿದರೆ ಯಾರು ಬೇಡ ಅಂತಿದ್ದರು?"

ಮೈಕಿನಲ್ಲಿ ಒಂದು ದೀರ್ಘವಾದ ಕುಂಯ್ ಎಂಬ ಶಬ್ದ ಬಂತು. ಚಿನ್ನಪ್ಪನವರು ಬ್ಯಾಟನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು. "ಆದರೂ ಅದು ನೋ ಬಾಲ್ ಅಲ್ಲ," ಎಂದರು.

"ನೋ ಬಾಲೇ."

"ನಿನಗೆ ಕಣ್ಣಿನ ಆಪರೇಷನ್ನೂ ಮಾಡಿಸಬೇಕು."

"ನಿನ್ನ ಆ ಗಿಡ್ಡನಿಗೆ ಅಂಪೈರುಗಳು ಕೊಡದ ಔಟುಗಳನ್ನು ನಾನು ಹೇಳ್ಲಾ ಈಗ?"

"ಹೇಳು, ಹೇಳು. ಆಮೇಲೆ ನಿನ್ನ ಎಡಗೈಯವ ಸ್ಲಿಪ್ಪಿನಲ್ಲಿ ಬದುಕಿಕೊಂಡದ್ದನ್ನು ನಾನು ಹೇಳ್ತೇನೆ."

ಯಾವ ಯುಗದ ಓಪನರ್ ಶ್ರೇಷ್ಠನೆಂಬುದನ್ನು ಅಂದು ಬೆಳ್ಳಾರೆ ತೀರ್ಮಾನಿಸಲಿಲ್ಲ. ಕಡಬದ ಹುಡುಗ ಚೆಂಡನ್ನು ತೊಡೆಗೆ ಉಜ್ಜುತ್ತ ಕಾದ. ಫೈನಲ್ ಆಡಬೇಕಾದ ಎರಡು ತಂಡಗಳೂ ಬೌಂಡರಿಯ ಹೊರಗೆ ಪ್ಯಾಂಟಿನ ಜೇಬಿಗೆ ಕೈಹಾಕಿ ಕಾದವು. ಹರ್ಷಿತ್ ಮೈಕಿನಲ್ಲಿ ಮೊದಲು ಗೌರವದಿಂದಲೂ ಆಮೇಲೆ ದೈನ್ಯದಿಂದಲೂ, "ಹಿರಿಯ ಆಟಗಾರರು ದಯವಿಟ್ಟು ಪಿಚ್ ಬಿಟ್ಟು ಶಾಲಿಗೆ ಬರಬೇಕು," ಎಂದು ವಿನಂತಿಸಿದ. ಪಿಚ್ಚಿನ ನಟ್ಟನಡುವೆ ಇಬ್ಬರು ಮುದುಕರು, ಒಬ್ಬರು ಬ್ಯಾಟನ್ನು ಊರುಗೋಲಾಗಿಸಿ, ಇನ್ನೊಬ್ಬರು ಅವರ ಹೆಗಲನ್ನು ಊರುಗೋಲಾಗಿಸಿ, ಲೋಕದ ಮೈದಾನಗಳನ್ನೆಲ್ಲ ಕೈಸನ್ನೆಯಲ್ಲಿ ಎಬ್ಬಿಸುತ್ತ, ಬೀಳಿಸುತ್ತ ನಿಂತಿದ್ದರು.

"ಟೀಚರೆ, ಇವರನ್ನು ಕರೀಲಿಕ್ಕೆ ನಾವೇ ಹೋಗಬೇಕಾ ಏನು?" ಎಂದರು ಬೀಪಾತುಮ್ಮ.

ನಾನು ಮತ್ತೆರಡು ಕಲ್ಲಂಗಡಿ ಜ್ಯೂಸಿಗೆ ಹೇಳಿ, ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು, ಬದುಕಿನಲ್ಲಿ ಮೊದಲ ಬಾರಿಗೆ ಆಸಕ್ತಿಯಿಂದ ಕ್ರಿಕೆಟ್ ನೋಡಲು ಕೂತೆ.